ಟೆಸ್ಟ್-ಏಳು ನಿಂತ ಬೇಸಿಗೆ

ಕಳೆದ ತಿಂಗಳು ನಾದಿನಿಯ ಮನೆಯ ಗೃಹಪ್ರವೇಶಕ್ಕೆಂದು ಕೊಳ್ಳೇಗಾಲಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಹೊರಗೆ ಬರುವ ಹೊತ್ತಿಗೆ ಕರೆಂಟು ಹೋಯಿತು. ಎದುರಿನ ಬೇಕರಿಯವರು ಜನರೇಟರ್ ಹಾಕಿದರು. ಅವರ ಒಲೆಯ ಮೇಲೆ ಹಾಲು ಉಕ್ಕಿ ಸೀದಿತ್ತು. ಡೀಸೆಲ್ ಹೊಗೆಯೂ ಸೀದ ಹಾಲೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಉಡುಗೊರೆಯ ಪೊಟ್ಟಣ ಹಿಡಿದುಕೊಂಡು ರಸ್ತೆ ದಾಟುವುದನ್ನೇ ಮರೆತು ನಿಂತೆ. ಆ ಊರಿನಲ್ಲಿ ಒಂದು ಬೇಸಿಗೆ ಪೂರ್ತಿ ನಾನು ಉಸಿರಾಡಿದ್ದು ಹೆಚ್ಚುಕಡಿಮೆ ಆ ವಾಸನೆಯನ್ನೇ.

ನನ್ನ ಮನೆ ಯಳಂದೂರಿನಲ್ಲಿ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕೊಳ್ಳೇಗಾಲದ ಒಂದು ಹಾಲಿನ ಕಂಪನಿಗೆ ಕೆಲಸಕ್ಕೆ ಸೇರಿಕೊಂಡೆ. ರೈತರೇ ಸೇರಿ ಕಟ್ಟಿದ ಕಂಪನಿ ಅದು, ಹೆಡ್ಡಾಫೀಸು ಮೈಸೂರಿನಲ್ಲಿ. ಹನೂರಿನಿಂದ ತಮಿಳುನಾಡಿನ ಗಡಿಯವರೆಗೆ ಊರೂರಲ್ಲಿ ಅದರ ಡೇರಿಗಳಿದ್ದವು. ಬೆಳಿಗ್ಗೆ, ಸಂಜೆ ಹೆಂಗಸರು ಹಾಲು ತಂದು ಹಾಕಿದರೆ ಲೀಟರು, ಡಿಗ್ರಿ, ಫ್ಯಾಟು ಎಲ್ಲ ಆ ಕ್ಷಣವೇ ಕೊಳ್ಳೇಗಾಲಕ್ಕೆ ಬಂದು ದಾಖಲಾಗುತ್ತಿತ್ತು. ಹಾಗೆ ಬಂದು ದಾಖಲಾಗುವ ಜಾಗವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದ ಹಳೆಯ ಕಟ್ಟಡ. ಕೆಳಗೆ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕುಗಳು, ಮಹಡಿಯ ಮೇಲೆ ಸರ್ವರ್ ಕೋಣೆ. ಬಾಗಿಲಿಗೆ ಡೇಟಾ ಸೆಂಟರ್ ಎಂದು ಬೋರ್ಡು ಹಾಕಿದ್ದರು. ಒಳಗೆ ಇದ್ದದ್ದು ಆರು ಸರ್ವರು, ಎರಡು ಎಸಿ, ಒಂದು ಪ್ಲಾಸ್ಟಿಕ್ ಕುರ್ಚಿ.

ಆ ಬೇಸಿಗೆ ಶಿವರಾತ್ರಿಗೆ ಮುಂಚೆಯೇ ಶುರುವಾಯಿತು. ಕುಂತೂರಿನ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತಿತ್ತು. ಬೆಳಿಗ್ಗೆ ಯಳಂದೂರಿನಿಂದ ಬಸ್ಸಿನಲ್ಲಿ ಬಂದು ಇಳಿಯುವಾಗಲೇ ಸೀರೆ ಬೆನ್ನಿಗೆ ಅಂಟಿರುತ್ತಿತ್ತು. ಯುಗಾದಿ ಹತ್ತಿರವಾದಂತೆ ಕರೆಂಟು ಹೇಳದೆ ಕೇಳದೆ ಹೋಗತೊಡಗಿತು. ಅದರಲ್ಲೂ ಸಂಜೆಯ ಹಾಲು ಬರುವ ಹೊತ್ತಿಗೇ.

ಕೆಳಗಿನ ಟ್ಯಾಂಕುಗಳನ್ನೂ ಜನರೇಟರನ್ನೂ ನೋಡಿಕೊಳ್ಳುತ್ತಿದ್ದವರು ಸಿದ್ದರಾಜಣ್ಣ. ಅಜ್ಜೀಪುರದವರು, ಐವತ್ತು ದಾಟಿದವರು, ಮನೆಯಲ್ಲಿ ಎರಡು ಎಮ್ಮೆ ಕಟ್ಟಿದ್ದವರು. ಹಾಲು ಹೆಚ್ಚಾಯಿತೆಂದು ಕಂಪನಿ ಆ ವರ್ಷವೇ ಎರಡನೇ ಟ್ಯಾಂಕು ಹಾಕಿಸಿತ್ತು. ಜನರೇಟರ್ ಮಾತ್ರ ಹಳೆಯದೇ. ಕರೆಂಟು ಹೋದಾಗ ಅದು ಒಂದು ಟ್ಯಾಂಕನ್ನೂ ಮೇಲಿನ ನನ್ನ ಕೋಣೆಯನ್ನೂ ಎಳೆಯುತ್ತಿತ್ತು. ಎರಡನೇ ಟ್ಯಾಂಕು ಹಾಕಿದರೆ ಉಸಿರು ಕಟ್ಟಿದಂತೆ ಕೆಮ್ಮಿ ನಿಂತುಬಿಡುತ್ತಿತ್ತು. ಸಿದ್ದರಾಜಣ್ಣ ಅರ್ಧ ಗಂಟೆ ಇದು, ಅರ್ಧ ಗಂಟೆ ಅದು ಎಂದು ಸರದಿ ಹಾಕಿ ಹೇಗೋ ನಿಭಾಯಿಸುತ್ತಿದ್ದರು. ಒಂದು ಸಂಜೆ ನಾಲ್ಕು ಗಂಟೆ ಹೊತ್ತು ಕರೆಂಟು ಬರಲಿಲ್ಲ. ಎರಡನೇ ಟ್ಯಾಂಕಿನ ಹಾಲು ಪೂರ್ತಿ ಒಡೆಯಿತು. ಮರುದಿನ ಬೆಳಿಗ್ಗೆ ನಾನು ಬಂದಾಗ ಅವರು ಅದನ್ನು ಹಿಂದಿನ ಮೋರಿಗೆ ಬಿಡುತ್ತಾ ನಿಂತಿದ್ದರು. ನನ್ನ ಮುಖ ನೋಡಲಿಲ್ಲ.

ಆ ಮಧ್ಯಾಹ್ನ ಮ್ಯಾನೇಜರ್ ಮೂರ್ತಿಯವರು ನಮ್ಮಿಬ್ಬರನ್ನೂ ಕರೆದರು. “ಹೊಸ ಜನರೇಟರ್ ಮಳೆಗಾಲಕ್ಕೆ ಮುಂಚೆ ಬರಲ್ಲ. ಅಲ್ಲಿತನಕ ದೂರದ ರೂಟಿನ ಸಂಜೆ ಹಾಲು ನಿಲ್ಲಿಸೋಣ ಅಂತ ಮೈಸೂರಿನವರು ಹೇಳ್ತಿದಾರೆ. ಮಾರ್ಟಳ್ಳಿ ಕಡೆಯದು ಬರೋವಷ್ಟರಲ್ಲಿ ಹೇಗೂ ಬಿಸಿ ಆಗಿರುತ್ತೆ.”

“ನಿಲ್ಸಿದ್ರೆ ಸಂಜೆ ಆಲ ಎಲ್ಗಾಕಾರು ಸಾ?” ಎಂದರು ಸಿದ್ದರಾಜಣ್ಣ. “ಆ ಕಡೆ ಬ್ಯಾರೆ ಡೇರಿ ಎಲ್ಲದೆ? ಒಂದ್ ತಿಂಗ್ಳು ನಿಲ್ಸಿ, ಅಸುಗಳ ಮಾರ್ಕಂಡ್ಬುಡ್ತಾರೆ.”

“ಮತ್ತೇನು ಮಾಡಲಿ ಹೇಳಿ?”

ಸಿದ್ದರಾಜಣ್ಣ ನನ್ನ ಕಡೆ ತಿರುಗಿದರು. “ಮ್ಯಾಲೆ ಅದೆಷ್ಟು ಎಳೀತದೆ ಅಂತ ಯಾರಾದ್ರೂ ನೋಡಿದ್ದರಾ ಭಾಗ್ಯಮ್ಮ?”

ನೋಡಿರಲಿಲ್ಲ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು, ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅವರು ಇಕ್ಕಳದಂಥ ಮೀಟರು ತಂದು ಒಂದೊಂದು ಸರ್ವರಿನ ವೈರಿಗೂ ಕಚ್ಚಿಸಿದರು, ನಾನು ಬರೆದುಕೊಂಡೆ. ಆಮೇಲೆ ಅದೇ ಸರ್ವರುಗಳು ನಿಜವಾಗಿ ಎಷ್ಟು ಕೆಲಸ ಮಾಡುತ್ತಿವೆ ಎಂದು ಪರದೆಯ ಮೇಲೆ ನೋಡಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ನಾಚಿಕೆಯಾಯಿತು. ಎರಡು ಜಿಲ್ಲೆಯ ಹಾಲು ಬರುತ್ತದೆಂದು ಲೆಕ್ಕ ಹಾಕಿ ಯಾರೋ ಆರು ಸರ್ವರು ಹಾಕಿಸಿದ್ದರು. ಬಂದದ್ದು ಒಂದು ತಾಲ್ಲೂಕಿನದು. ಆರೂ ಹಗಲೂ ರಾತ್ರಿ ಓಡುತ್ತಿದ್ದವು. ಯಾವುದಕ್ಕೂ ಮೈತುಂಬ ಕೆಲಸವಿರಲಿಲ್ಲ.

“ಕೆಲ್ಸ ಇಲ್ದಿದ್ರೆ ಕರೆಂಟೂ ಕಮ್ಮಿ ತಿನ್ಬೇಕಲ್ವಾ?” ಎಂದರು ಸಿದ್ದರಾಜಣ್ಣ.

“ಇಲ್ಲ ಸಿದ್ದರಾಜಣ್ಣ. ಸುಮ್ನೆ ಕೂತಿದ್ರೂ ಅರ್ಧದಷ್ಟು ತಿಂತದೆ. ತಿಂದದ್ದೆಲ್ಲ ಬಿಸಿ ಆಗ್ತದೆ, ಆ ಬಿಸಿ ತೆಗೆಯೋಕೆ ಎಸಿ ಬೇರೆ ತಿಂತದೆ.”

“ಗೊಡ್ಡು ದನ ಸಾಕ್ದಂಗೆ ಅನ್ನಿ.”

ನಾನು ಅವರಿಗೆ ವಿಎಂಗಳ ವಿಷಯ ಹೇಳಿದೆ. ಕಣ್ಣಿಗೆ ಕಾಣುವುದು ಆರು ಪೆಟ್ಟಿಗೆ. ಆದರೆ ಅವುಗಳೊಳಗೆ ಬರೀ ತಂತ್ರಾಂಶದಿಂದ ಮಾಡಿದ ನಲವತ್ತು ಕಂಪ್ಯೂಟರುಗಳಿವೆ. ಅವನ್ನು ವರ್ಚುವಲ್ ಮಷೀನು, ಚುಟುಕಾಗಿ ವಿಎಂ ಅನ್ನುತ್ತೇವೆ. ಒಂದು ಹಾಲಿನ ದಾಖಲೆ ಇಡುತ್ತದೆ, ಒಂದು ಲಾರಿಯ ದಾರಿ ನೋಡುತ್ತದೆ, ಒಂದು ಮೆಸೇಜು ಕಳಿಸುತ್ತದೆ. ಇವಕ್ಕೆ ಇಂಥದೇ ಪೆಟ್ಟಿಗೆ ಬೇಕೆಂದಿಲ್ಲ. ಓಡುತ್ತಿರುವಾಗಲೇ, ನಿಲ್ಲಿಸದೆ, ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಬಹುದು. ಎಲ್ಲವನ್ನೂ ಎರಡೋ ಮೂರೋ ಪೆಟ್ಟಿಗೆಗೆ ಸೇರಿಸಿದರೆ ಮಿಕ್ಕವನ್ನು ಆರಿಸಿಬಿಡಬಹುದು.

“ಓಡ್ತಿರೋವಾಗ್ಲೇ?” ಎಂದು ಅವರು ಮತ್ತೆ ಕೇಳಿದರು.

“ಓಡ್ತಿರೋವಾಗ್ಲೇ.”

ಓದಿ ಗೊತ್ತಿತ್ತು, ಒಂದೆರಡು ಸಲ ತರಬೇತಿಯಲ್ಲಿ ಮಾಡಿಯೂ ಇದ್ದೆ. ನಿಜವಾದ ಹಾಲಿನ ಮೇಲೆ ಮಾಡಿರಲಿಲ್ಲ. ಬೆಳಗಿನ ಹಾಲು ಮುಗಿದು ಸಂಜೆಯದು ಶುರುವಾಗುವ ನಡುವೆ, ಹನ್ನೊಂದರಿಂದ ಮೂರರವರೆಗೆ, ನನಗೆ ಸಮಯವಿತ್ತು. ಮೊದಲ ದಿನ ಹನೂರಿನ ಡೇರಿಯ ದಾಖಲೆಯ ವಿಎಂ ಒಂದನ್ನೇ ಸಾಗಿಸಿದೆ. ಪರದೆಯ ಮೇಲೆ ಎಷ್ಟು ಸಾಗಿತೆಂದು ತೋರಿಸುವ ಪಟ್ಟಿ ತುಂಬುತ್ತಾ ಹೋಯಿತು. ಬಾಗಿಲಲ್ಲಿ ನಿಂತಿದ್ದ ಸಿದ್ದರಾಜಣ್ಣ ಹನೂರಿನ ಡೇರಿಗೆ ಫೋನು ಹಚ್ಚಿ ಕಿವಿಗಿಟ್ಟುಕೊಂಡೇ ಇದ್ದರು. “ಲೇ, ಮಿಷಿನ್ನು ನಿಂತ್ಕತಾ? ನಿಂತಿಲ್ವಾ? ಸರ್ಯಾಗ್ ನೋಡ್ಲಾ.” ಪಟ್ಟಿ ತುಂಬಿತು. ಹನೂರಿನಲ್ಲಿ ಏನೂ ಆಗಿರಲಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, “ಅವ್ನಿಗೆ ಗೊತ್ತೇ ಆಗ್ನಿಲ್ಲ ಕಣವ್ವ” ಎಂದು ನಕ್ಕರು. ನಾನು ಕುರ್ಚಿಯಲ್ಲಿ ಒರಗಿ ಕೂತೆ.

ಎರಡು ವಾರ ದಿನಕ್ಕೆ ಮೂರು ನಾಲ್ಕರಂತೆ ಸಾಗಿಸಿದೆ. ಗೋಡೆಯ ಸಂದುಗಳಿಗೆ ಥರ್ಮಾಕೋಲು ತುಂಬಿಸಿದೆವು. ಸರ್ವರಿನ ಹಿಂದಿನಿಂದ ಬರುವ ಬಿಸಿಗಾಳಿ ಮುಂದಕ್ಕೆ ಸುತ್ತಿ ಬರದಂತೆ ದಪ್ಪ ಪ್ಲಾಸ್ಟಿಕ್ ಪರದೆ ಕಟ್ಟಿದೆವು. ಹದಿನೆಂಟರಲ್ಲಿದ್ದ ಎಸಿಯನ್ನು ಇಪ್ಪತ್ತೈದಕ್ಕೆ ತಂದೆ. ಎರಡನೇ ಎಸಿ ಬೇಕಾಗಲೇ ಇಲ್ಲ. ಮೂರು ಸರ್ವರುಗಳನ್ನು ಆರಿಸಿದ ಮೇಲೆ, ಏಪ್ರಿಲಿನ ಒಂದು ಸಂಜೆ ಐದು ಗಂಟೆಗೆ ಕರೆಂಟು ಹೋಯಿತು. ಸಿದ್ದರಾಜಣ್ಣ ಜನರೇಟರ್ ಹಾಕಿದರು, ಮೊದಲ ಟ್ಯಾಂಕು ಹಾಕಿದರು, ಒಂದು ನಿಮಿಷ ಕಾದು ಎರಡನೆಯದನ್ನೂ ಹಾಕಿದರು. ನಾನು ಮಹಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಜನರೇಟರ್ ಒಮ್ಮೆ ಕುಗ್ಗಿ, ಮತ್ತೆ ಎತ್ತಿಕೊಂಡಿತು. ನಿಲ್ಲಲಿಲ್ಲ. ಆ ಸಂಜೆ ಮಾರ್ಟಳ್ಳಿಯ ಲಾರಿ ಬಂದಾಗ ಅದರ ಹಾಲು ಇಳಿಸಿಕೊಳ್ಳಲು ತಣ್ಣನೆಯ ಟ್ಯಾಂಕು ಕಾದಿತ್ತು. ದೂರದ ರೂಟು ನಿಲ್ಲಿಸುವ ಮಾತು ಅಲ್ಲಿಗೆ ನಿಂತಿತು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಮೂರು ಸರ್ವರಲ್ಲಿ ಎಲ್ಲ ನೆಮ್ಮದಿಯಾಗಿ ಓಡುತ್ತಿತ್ತು. ಆದರೆ ಬಿಸಿಲು ಇನ್ನೂ ಏರುತ್ತಿತ್ತು, ಜನರೇಟರ್ ಅಂಚಿನಲ್ಲೇ ನಿಂತಿತ್ತು, ನನಗೆ ಎರಡಕ್ಕೆ ಇಳಿಸಬೇಕೆಂಬ ಹಟ ಹತ್ತಿತ್ತು. ಮೂರ್ತಿಯವರು ಮೈಸೂರಿನ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿದ್ದರಂತೆ. ಅದೂ ಒಂದು ಕಾರಣ, ಇಲ್ಲವೆಂದರೆ ಸುಳ್ಳಾಗುತ್ತದೆ. ನಲವತ್ತು ವಿಎಂ ಎರಡರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಯಾವುವು ಕೆಲಸಕ್ಕೆ ಬಾರದವು ಎಂದು ಹುಡುಕಿದೆ. ಒಂದು ತಿಂಗಳ ದಾಖಲೆ ತೆಗೆದು ನೋಡಿದರೆ ಗ್ರಾಫಿನಲ್ಲಿ ಹನ್ನೊಂದು ವಿಎಂಗಳ ಕೆಲಸದ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಟೆಸ್ಟ್-ಒಂದು, ಟೆಸ್ಟ್-ಮೂರು, ಟೆಸ್ಟ್-ಏಳು ಇಂಥ ಹೆಸರುಗಳು. ನನಗಿಂತ ಮುಂಚೆ ಇದ್ದವರು ಪ್ರಯೋಗಕ್ಕೆಂದು ಮಾಡಿ ಮರೆತವು ಅಂದುಕೊಂಡೆ. ಮೈಸೂರಿಗೆ ಪಟ್ಟಿ ಕಳಿಸಿ ಒಂದು ವಾರ ಕಾದೆ. ಉತ್ತರ ಬರಲಿಲ್ಲ. ಮೂರ್ತಿಯವರನ್ನು ಕೇಳಿದೆ. “ಉಪಯೋಗ ಇಲ್ಲ ಅಂದ್ಮೇಲೆ ತೆಗೀರಿ” ಎಂದರು. ಒಂದು ಶುಕ್ರವಾರ ಮಧ್ಯಾಹ್ನ ಹನ್ನೊಂದನ್ನೂ ನಿಲ್ಲಿಸಿದೆ. ಮೂರನೇ ಸರ್ವರಿನ ಹಸಿರು ದೀಪ ಆರಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಸಂತೋಷವಾಗಿದ್ದೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾರ್ಟಳ್ಳಿ ಡೇರಿಯ ಕಾರ್ಯದರ್ಶಿ ಫೋನು ಮಾಡಿದರು. “ಮೇಡಂ, ದನದ ಡಾಕ್ಟ್ರು ಮಿಸ್ಡ್ ಕಾಲ್ ನಂಬ್ರು ಕೆಲ್ಸ ಮಾಡ್ತಿಲ್ಲ. ನಿನ್ನೆ ಒಂದ್ ಅಸು ಓಗ್ಬುಡ್ತು.”

ಅಂಥದೊಂದು ನಂಬರು ಇದೆಯೆಂದು ನನಗೆ ಗೊತ್ತಿತ್ತು. ರೈತರು ಮಿಸ್ಡ್ ಕಾಲ್ ಕೊಟ್ಟರೆ ಅವರ ಹೆಸರು, ಊರು ಕಂಪನಿಯ ಪಶುವೈದ್ಯರ ಫೋನಿಗೆ ಹೋಗುತ್ತದೆ. ಡಾಕ್ಟರು ಹೊರಟಿದ್ದಾರೆಂದು ರೈತರಿಗೆ ಮೆಸೇಜು ಬರುತ್ತದೆ. ಅದು ಮೈಸೂರಿನಲ್ಲಿ ಎಲ್ಲೋ ನಡೆಯುತ್ತದೆಂದು ತಿಳಿದಿದ್ದೆ. ಫೋನು ಇಟ್ಟು ಒಂದೊಂದೇ ಹುಡುಕಿದೆ. ಟೆಸ್ಟ್-ಏಳರ ಒಳಗೆ ಅದು ಸಿಕ್ಕಿತು. ಯಾರೋ ಪ್ರಯೋಗವೆಂದು ಶುರು ಮಾಡಿದ್ದರು. ಅದು ಕೆಲಸ ಮಾಡಿತು, ಜನ ಬಳಸತೊಡಗಿದರು, ಹೆಸರು ಬದಲಾಯಿಸುವುದು ಯಾರಿಗೂ ನೆನಪಾಗಲಿಲ್ಲ. ದಿನಕ್ಕೆ ಎರಡೋ ಮೂರೋ ಕರೆ. ಒಂದೊಂದು ಕರೆಗೆ ಒಂದು ಕ್ಷಣದ ಕೆಲಸ. ತಿಂಗಳ ಗೆರೆಯಲ್ಲಿ ಅದು ಎಲ್ಲಿ ಕಂಡೀತು?

ಅದನ್ನು ಎಬ್ಬಿಸಲು ಎರಡು ನಿಮಿಷ ಸಾಕಾಯಿತು. ಎದ್ದ ಕೂಡಲೇ ಫೋನು ಕಂಪನಿಯ ಕಡೆ ತಡೆದುಕೊಂಡಿದ್ದ ಕರೆಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಅವುಗಳಲ್ಲಿ ಒಂದೇ ನಂಬರು ಒಂಬತ್ತು ಸಲ. ಭಾನುವಾರ ಮಧ್ಯಾಹ್ನ, ಒಂದೂಕಾಲಿನಿಂದ ಎರಡೂವರೆಯೊಳಗೆ. ಹೆಸರು ಸೆಲ್ವಿ, ಊರು ಮಾರ್ಟಳ್ಳಿ.

ಮೂರ್ತಿಯವರ ಕೋಣೆಗೆ ಹೋಗಿ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

“ನೋಡಿ ಭಾಗ್ಯ, ಗಡಿ ಕಡೆ ನೆಟ್‌ವರ್ಕ್ ಯಾವಾಗ್ಲೂ ಹಾಗೇ. ನೆಟ್‌ವರ್ಕ್ ಇರ್ಲಿಲ್ಲ ಅಂದ್ರೆ ಯಾರೂ ಹೆಚ್ಚು ಕೇಳಲ್ಲ.”

“ಕೇಳಲ್ಲ ಸಾರ್. ಆದ್ರೆ ನಿಲ್ಸಿದ್ದು ನಾನು.”

“ನಿಮ್ಮ ಒಳ್ಳೇದಕ್ಕಷ್ಟೇ ಹೇಳ್ತಿಲ್ಲ. ಇದು ಮೈಸೂರಿಗೆ ಗೊತ್ತಾದ್ರೆ ಆರೂ ಸರ್ವರ್ ಆನ್ ಮಾಡಿ ಅಂತಾರೆ. ಆಮೇಲೆ ಎರಡನೇ ಟ್ಯಾಂಕ್ ಓಡಲ್ಲ. ಅದೇ ಮಾರ್ಟಳ್ಳಿಯ ಹಾಲು ನಿಲ್ಲುತ್ತೆ. ಯೋಚನೆ ಮಾಡಿ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟವಾಗಿತ್ತು. ಆ ದಿನ ಊಟದ ಡಬ್ಬಿ ತೆಗೆಯಲಿಲ್ಲ. ಸಿದ್ದರಾಜಣ್ಣ ಮೇಲೆ ಬಂದು ಬಾಗಿಲಲ್ಲಿ ನಿಂತರು. ಅವರಿಗೆ ಸುದ್ದಿ ಲಾರಿಯವರಿಂದ ಮುಟ್ಟಿತ್ತು. ನಾನು ಎಲ್ಲ ಹೇಳಿದೆ.

“ಏನ್ ಮಾಡೀರಿ?” ಎಂದರು.

“ಮೊದ್ಲು ಆ ಊರಿಗೆ ಹೋಗಿ ಬರ್ತೀನಿ. ಏನು ಹೇಳಬೇಕು ಅಂತ ಗೊತ್ತಿಲ್ಲ.”

“ನಾನೂ ಬತ್ತೀನಿ ನಡೀರಿ. ಒಬ್ರೇ ಓಗ್ಬ್ಯಾಡಿ.”

ಮಂಗಳವಾರ ಬೆಳಗಿನ ಹಾಲು ಮುಗಿದ ಮೇಲೆ ಬಸ್ಸು ಹತ್ತಿದೆವು. ಹನೂರು ದಾಟಿತು, ಅಜ್ಜೀಪುರದಲ್ಲಿ ಯಾರೋ ಸಿದ್ದರಾಜಣ್ಣನನ್ನು ಕಿಟಕಿಯಿಂದ ಮಾತಾಡಿಸಿದರು, ಅವರು ಸುಮ್ಮನೆ ಕೈ ಎತ್ತಿದರು. ಹೊಲಗಳಲ್ಲಿ ಉಳುಮೆ ಶುರುವಾಗಿರಲಿಲ್ಲ, ನೆಲ ಕೆಂಪಗೆ ಬಿರಿದಿತ್ತು. ಬೆಟ್ಟಗಳು ಹತ್ತಿರವಾದಂತೆ ಬಸ್ಸಿನೊಳಗಿನ ಮಾತು ಅರ್ಧ ತಮಿಳಾಯಿತು. ದಾರಿಯುದ್ದಕ್ಕೂ ನಾನು ನೆಟ್‌ವರ್ಕ್ ಎಂಬ ಒಂದು ಪದವನ್ನು ಬಾಯಲ್ಲಿ ಇಟ್ಟುಕೊಂಡೇ ಇದ್ದೆ, ಉಗುಳದೆ, ನುಂಗದೆ.

ಸೆಲ್ವಿಗೆ ನನ್ನ ಅಮ್ಮನ ವಯಸ್ಸಿರಬಹುದು. ಮನೆ ಮುಂದಿನ ಬೇವಿನ ಮರದಡಿ ಎರಡು ದಿನದ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ಹಾಲು ಪಕ್ಕದ ಮನೆಯದಂತೆ. ಡೇರಿಯ ಆಫೀಸಿನವರು ಎಂದು ಸಿದ್ದರಾಜಣ್ಣ ಪರಿಚಯ ಹೇಳಿದಾಗ, “ವಾಮ್ಮಾ, ಕುಂತ್ಕೋ” ಎಂದು ಕೈಯಿಂದಲೇ ಜಗುಲಿ ತೋರಿಸಿದರು. ಬಾಟಲಿ ಖಾಲಿಯಾಯಿತು. ಆಮೇಲೆ ಕೇಳದೆಯೇ ಶುರು ಮಾಡಿದರು.

“ಕರ ಅಡ್ಡ ತಿರುಗಿತ್ತು. ಒಂದ್ ಕಾಲು ಮಾತ್ರ ಕಾಣ್ತಿತ್ತು. ಫೋನ್ ಒಡ್ದೆ. ರಿಂಗಾಯ್ತದೆ, ಕಟ್ಟಾಯ್ತದೆ. ಕಟ್ಟಾದ್ರೆ ಮೆಸೇಜು ಬತ್ತದಲ್ಲ, ಯಾವಾಗ್ಲೂ ಅಂಗೇ ತಾನೆ. ಕಾಯ್ದೆ. ಮತ್ತೆ ಒಡ್ದೆ, ಮತ್ತೆ ಕಾಯ್ದೆ. ನನ್ ತಮ್ಮ ಗಾಡೀಲಿ ಓಯ್ತೀನಿ ಅಂದ. ಇರು, ಡಾಕ್ಟ್ರು ಬತ್ತಾರೆ ಅಂತ ನಾನೇ ನಿಲ್ಸ್ದೆ. ಆಮ್ಯಾಕೆ ಅವ್ನು ಓಗಿ ಕರ್ಕಂಡ್ ಬರೋವತ್ಗೆ... ಕರ ಉಳೀತು, ಅದ್ರವ್ವ ಓಯ್ತು.” ಕರುವಿನ ಕುತ್ತಿಗೆ ಸವರಿದರು. “ತಪ್ಪು ನಂದೇ. ಒಂದೂಕಾಲ್ ಗಂಟೆ ಸುಮ್ನೆ ಕುಂತಿದ್ದೆ.”

ಬಾಯಲ್ಲಿದ್ದ ಪದ ಅಲ್ಲೇ ಕರಗಿಹೋಯಿತು.

“ನೀವು ತಡ ಮಾಡ್ಲಿಲ್ಲಮ್ಮ” ಎಂದೆ. “ಆ ನಂಬರಿಗೆ ಉತ್ತರ ಕೊಡೋ ಮಷೀನನ್ನ ಶುಕ್ರವಾರ ನಾನು ನಿಲ್ಸಿದ್ದೆ. ಅದು ಏನು ಮಾಡ್ತದೆ ಅಂತ ತಿಳ್ಕೊಳ್ದೆ ನಿಲ್ಸಿದ್ದೆ. ನೀವು ಎಷ್ಟು ಸಲ ಮಾಡಿದ್ರೂ ಅದು ಏಳ್ತಿರ್ಲಿಲ್ಲ.”

ಅವರು ನನ್ನನ್ನೇ ನೋಡಿದರು. “ಯಾಕೆ ನಿಲ್ಸ್ದೆ?”

ಹೇಳಿದೆ. ಜನರೇಟರು, ಎರಡನೇ ಟ್ಯಾಂಕು, ಮಾರ್ಟಳ್ಳಿಯ ಸಂಜೆ ಹಾಲು ನಿಲ್ಲಿಸುವ ಮಾತು, ಕರೆಂಟು ಉಳಿಸಲು ನಾನು ಮಾಡಿದ್ದು. ಹೇಳುತ್ತಾ ಹೋದಂತೆ ಅದು ನೆಪದ ಹಾಗೆ ಕೇಳಿಸುತ್ತಿತ್ತು, ಆದ್ದರಿಂದ ಬೇಗ ಮುಗಿಸಿದೆ.

“ನಮ್ ಆಲು ಕೆಡಬಾರ್ದು ಅಂತ ನಮ್ ಅಸುವೇ ಓಯ್ತು” ಎಂದರು ಸೆಲ್ವಿ. ಅದರಲ್ಲಿ ಕೋಪವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ, “ಅಂಗಂದ್ರೆ ನಾನ್ ತಡ ಮಾಡ್ಲಿಲ್ಲ” ಎಂದು ಮೆಲ್ಲಗೆ ತಮಗೇ ಹೇಳಿಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತರು.

“ಸಂಜೆ ತನಕ ಇರು. ಡೇರಿ ತಾವ ಬಂದು ಎಲ್ರ ಮುಂದೆ ಇದ್ನೇ ಯೋಳು. ನನ್ ಅತ್ತೆ, ನನ್ ತಮ್ಮ, ಈ ಬೀದಿ ಎಲ್ಲ, ಸೆಲ್ವಿ ಕುಂತ್ಕಂಡ್ ಅಸ ಸಾಯ್ಸುದ್ಲು ಅಂತದೆ.”

ಇದ್ದೆ. ನಾಲ್ಕೂವರೆಗೆ ಕ್ಯಾನು, ಚೊಂಬು ಹಿಡಿದು ಹೆಂಗಸರು ಸಾಲು ನಿಂತರು. ಡೇರಿಯ ಕಟ್ಟೆ ಹತ್ತಿ, ಸೆಲ್ವಿಗೆ ಹೇಳಿದ್ದನ್ನೇ ಹೇಳಿದೆ. ಸಿದ್ದರಾಜಣ್ಣ ಕೆಳಗೆ ಕೈಕಟ್ಟಿ ನಿಂತಿದ್ದರು. ಮುಗಿಸಿದ ಮೇಲೆ ಒಬ್ಬಾಕೆ ಬೈದಳು. ಪೂರ್ತಿ ತಮಿಳಿನಲ್ಲಿ ಬೈದದ್ದರಿಂದ ಎಲ್ಲ ಅರ್ಥವಾಗಲಿಲ್ಲ, ಆದರೆ ಅರ್ಥವಾದಷ್ಟು ಸಾಕಿತ್ತು. ಸೆಲ್ವಿಯ ಅತ್ತೆ ಹಿಂದೆ ನಿಂತಿದ್ದವರು ಮುಂದೆ ಬಂದು ಕರುವಿನ ಹಾಲಿಗೆಂದು ತಂದಿದ್ದ ಖಾಲಿ ಕ್ಯಾನನ್ನು ಸೊಸೆಯ ಕೈಯಿಂದ ತೆಗೆದುಕೊಂಡು ತಾವೇ ಹಿಡಿದರು.

ಆಗ ಇನ್ನೊಬ್ಬ ಹೆಂಗಸು ಕೇಳಿದಳು. “ಬೆಳಿಗ್ಗೆ ಲಾರಿ ತಡ ಆದ್ರೆ ಫೋನು ಬತ್ತಿತ್ತಲ್ಲ, ನಾಕ್ ದಿನದಿಂದ ಅದೂ ಬರ್ತಿಲ್ಲ. ಅದ್ನೂ ನೀನೇ ನಿಲ್ಸ್ದಾ?”

ಅದನ್ನೂ ನಾನೇ ನಿಲ್ಲಿಸಿದ್ದೆ. ಟೆಸ್ಟ್-ಮೂರು. ಆ ಫೋನನ್ನು ನಂಬಿ ಅವರು ಹಾಲು ಕರೆಯುವ ಹೊತ್ತು ಹಿಂದೆ ಮುಂದೆ ಮಾಡುತ್ತಿದ್ದರಂತೆ. ನಾನು ಸಿದ್ದರಾಜಣ್ಣನ ಹತ್ತಿರ ಪೆನ್ನು ಇಸಿದುಕೊಂಡು ಬಸ್ಸಿನ ಟಿಕೆಟಿನ ಹಿಂದೆ ಬರೆಯತೊಡಗಿದೆ. ಯಾವ ಫೋನು ಬರುತ್ತದೆ, ಯಾವ ಮೆಸೇಜು ಬರುತ್ತದೆ, ಯಾವುದನ್ನು ಯಾರೂ ನೋಡುವುದೇ ಇಲ್ಲ ಎಂದು ಒಬ್ಬೊಬ್ಬರೇ ಹೇಳಿದರು. ಟಿಕೆಟು ತುಂಬಿ ಕಾರ್ಯದರ್ಶಿ ಒಂದು ಹಾಳೆ ಹರಿದು ಕೊಟ್ಟರು. ಒಂದು ತಿಂಗಳ ಗೆರೆ ನೋಡಿ ನನಗೆ ತಿಳಿಯದಿದ್ದದ್ದು ಅರ್ಧ ಗಂಟೆಯಲ್ಲಿ ತಿಳಿಯಿತು. ಹನ್ನೊಂದರಲ್ಲಿ ಎರಡು ಬೇಕಾದವು. ಒಂಬತ್ತು ನಿಜಕ್ಕೂ ಯಾರಿಗೂ ಬೇಡದವು.

ಬುಧವಾರ ಮೈಸೂರಿಗೆ ಎಲ್ಲವನ್ನೂ ಬರೆದೆ. ಕಳಿಸುವ ಮುಂಚೆ ಮೂರ್ತಿಯವರಿಗೆ ತೋರಿಸಿದೆ. ಊರಿನ ಮುಂದೆ ನಿಂತು ಹೇಳಿಬಂದೆನೆಂದು ಅವರಿಗೆ ಸಿಟ್ಟಿತ್ತು. ಎರಡು ಸಲ ಓದಿದರು. ಆಮೇಲೆ ಕೀಬೋರ್ಡನ್ನು ತಮ್ಮ ಕಡೆ ಎಳೆದುಕೊಂಡು ಕೊನೆಗೆ ಒಂದು ಸಾಲು ಸೇರಿಸಿದರು: ಈ ಯಂತ್ರಗಳನ್ನು ನಿಲ್ಲಿಸಲು ಅನುಮತಿ ಕೊಟ್ಟವನು ನಾನು. “ಕಳಿಸಿ” ಎಂದು ಎದ್ದು ಹೋದರು.

ಅವರು ಹೇಳಿದಂತೆಯೇ ಆಯಿತು. ಆರು ಸರ್ವರೂ ಓಡಲಿ ಎಂದು ಆದೇಶ ಬಂತು, ಹಿಂದೆಯೇ ಮೈಸೂರಿನಿಂದ ಒಬ್ಬ ಇಂಜಿನಿಯರೂ ಬಂದರು. ಸಣ್ಣ ವಯಸ್ಸಿನವರು, ಕಡಿಮೆ ಮಾತು. ನಾನು ಆರನ್ನೂ ಹಾಕಿದೆ, ಎರಡು ಎಸಿಯನ್ನೂ ಹಾಕಿದೆ. ಸಂಜೆ ಕರೆಂಟು ಹೋಯಿತು. ಸಿದ್ದರಾಜಣ್ಣ ಅವರನ್ನು ಕೆಳಗೆ ಕರೆದೊಯ್ದು, ಅವರ ಕಣ್ಣೆದುರೇ ಎರಡನೇ ಟ್ಯಾಂಕು ಹಾಕಿದರು. ಜನರೇಟರ್ ಕೆಮ್ಮಿ ನಿಂತಿತು. ಅದೇ ಹೊತ್ತಿಗೆ ದೂರದ ಲಾರಿ ಬಂದು ನಿಂತಿತು. ಸಿದ್ದರಾಜಣ್ಣ ಇಂಜಿನಿಯರನ್ನು ಅದರ ಹತ್ತಿರ ಕರೆದೊಯ್ದರು. ಲಾರಿಯ ಒಂದು ಕ್ಯಾನಿನ ಮುಚ್ಚಳ ತೆಗೆದು ಥರ್ಮಾಮೀಟರು ಇಳಿಬಿಟ್ಟು ಅವರ ಕೈಗೆ ಕೊಟ್ಟರು.

“ಇದ ನೋಡ್ಕಂಡು ಬರ್ಕಳಿ ಸಾ. ಅಷ್ಟೇಯ.”

ಇಂಜಿನಿಯರು ಮೇಲೆ ಬಂದು ನನ್ನ ಹಾಳೆಗಳನ್ನೆಲ್ಲ ಕೇಳಿದರು. ಟಿಕೆಟಿನ ಹಿಂದೆ ಬರೆದದ್ದನ್ನೂ ಓದಿದರು. “ಎರಡು ಬೇಡ, ಅದು ತೀರ ಬಿಗಿ. ಆರು ದಂಡ. ಮೂರು ಇಡಿ” ಎಂದರು. “ಇನ್ನು ಮೇಲೆ ಯಾವುದನ್ನಾದರೂ ನಿಲ್ಲಿಸೋಕೆ ಮುಂಚೆ?”

“ಬಳಸೋರನ್ನ ಕೇಳ್ತೀನಿ” ಎಂದೆ.

ನನ್ನ ಕೆಲಸ ಕಾಯಂ ಆಗುವುದನ್ನು ಆರು ತಿಂಗಳು ಮುಂದೂಡಿದರು. ಅದು ಅನ್ಯಾಯವೆನಿಸಲಿಲ್ಲ. ಸೆಲ್ವಿಗೆ ಕಂಪನಿಯ ಕಡೆಯಿಂದ ಹಸು ಕೊಡಿಸಲು ಮೂರ್ತಿಯವರು ಓಡಾಡಿದರು. ಒಂದು ಕಡಸು ಕೊಡಿಸಿದರು. ಮೂರು ಸರ್ವರುಗಳ ಮೇಲೆ ಆ ಬೇಸಿಗೆ ಸಾಗಿತು. ಸಂಜೆಯ ಲಾರಿ ಒಂದು ದಿನವೂ ತಪ್ಪಲಿಲ್ಲ, ಹಾಲು ಮತ್ತೆ ಮೋರಿ ಸೇರಲಿಲ್ಲ. ನಾನು ಹನೂರಿನ ಆಚೆಯ ಒಂದೊಂದು ಡೇರಿಗೂ ಫೋನು ಮಾಡಿ ಒಬ್ಬೊಬ್ಬರ ಹೆಸರು ಪಡೆದು, ಪ್ರತಿ ವಿಎಂ ಎದುರಿಗೂ ಬರೆದಿಟ್ಟೆ. ಟೆಸ್ಟ್-ಏಳರ ಹೆಸರು ಬದಲಾಯಿಸಿ ದನದ ಡಾಕ್ಟರು ಎಂದು ಇಟ್ಟೆ. ಅದರ ಎದುರಿಗೆ ಬರೆದದ್ದು ಸೆಲ್ವಿಯ ನಂಬರು.

ಜೂನಿನಲ್ಲಿ ಮಳೆ ಬಂತು. ಹಳೆಯ ಗೋಡೆ ನೆನೆದು ರೇಷ್ಮೆ ಹುಳದ ವಾಸನೆ ಬಿಟ್ಟಿತು. ಆ ವಾರ ಮೈಸೂರಿನಿಂದ ಸೂಚನೆ ಬಂತು: ಎಲ್ಲ ವಿಎಂಗಳನ್ನೂ ಒಂದೊಂದು ಗಂಟೆ ನಿಲ್ಲಿಸಿ ತಂತ್ರಾಂಶ ಹೊಸದು ಮಾಡಿ, ಸೋಮವಾರದೊಳಗೆ ಮುಗಿಸಿ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಒಂದು ಬಿಟ್ಟು ಎಲ್ಲ ಮುಗಿದಿತ್ತು. ಸೆಲ್ವಿಗೆ ಫೋನು ಮಾಡಿದೆ. ಒಂದು ಗಂಟೆ ನಂಬರು ನಿಲ್ಲುತ್ತದೆ, ಈಗ ನಿಲ್ಲಿಸಲೇ ಎಂದು ಕೇಳಿದೆ.

“ಈಗ ಬ್ಯಾಡ” ಎಂದರು. “ಮ್ಯಾಗಲ್ ಬೀದಿ ಅಸುಗೆ ದಿನ ತುಂಬದೆ. ಕೆಚ್ಚಲು ಬುಟ್ಟದೆ. ಇರು, ನಾನೇ ಯೋಳ್ತೀನಿ.”

ಮಂಗಳವಾರ ಮೈಸೂರಿನಿಂದ ಜ್ಞಾಪನೆ ಬಂತು. ಬುಧವಾರ ಇನ್ನೊಂದು, ಯಾಕೆ ತಡ ಎಂದು ಕಾರಣ ಬರೆಯಿರಿ ಎಂದಿತ್ತು. ಮಾರ್ಟಳ್ಳಿಯಲ್ಲಿ ಒಂದು ಹಸುವಿಗೆ ದಿನ ತುಂಬಿದೆ ಎಂದು ಬರೆದೆ. ಆಮೇಲೆ ಅಲ್ಲಿಂದ ಏನೂ ಬರಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನು ರಿಂಗಾಯಿತು. ಆ ಕಡೆ ಮಳೆಯ ಸದ್ದು, ಹೆಂಗಸರ ಮಾತು, ಅದರ ನಡುವೆ ಸೆಲ್ವಿಯ ಗಂಟಲು.

“ಕರ ಆಕ್ತು ಕಣಮ್ಮ. ಎಣ್ಣು ಕರ. ಡಾಕ್ಟ್ರು ಇಲ್ಲೇ ಅವ್ರೆ, ಕಾಪಿ ಕುಡೀತಾ ಅವ್ರೆ. ಈಗ ಆಫ್ ಮಾಡ್ಕೋ.”